ಹಸಿವಿನತ್ತ ತಿರುಗಿದ ಕ್ಯಾಮೆರಾ

1955ರಲ್ಲಿ ಬ್ರೆಜಿಲ್‌ನ ಅಂದಿನ ರಾಜಧಾನಿ ರಿಯೊ ಡಿ ಜನೈರೊದ ಪೊಲೀಸ್ ಮುಖ್ಯಸ್ಥರು ಒಂದು ಚಲನಚಿತ್ರವನ್ನು ನಿಷೇಧಿಸಿದರು. ಅದಕ್ಕೆ ಅವರು ಕೊಟ್ಟ ಕಾರಣಗಳಲ್ಲಿ ಒಂದು ಇಂದಿಗೂ ಅಲ್ಲಿನ ಸಿನಿಮಾ ವಲಯದಲ್ಲಿ ನಗೆಗೆ ವಸ್ತು. ಚಿತ್ರದ ಹೆಸರು 'ರಿಯೊ, 40 ಡಿಗ್ರಿ'. ನಗರದ ಉಷ್ಣಾಂಶ ಎಂದೂ 40 ಡಿಗ್ರಿ ಮುಟ್ಟಿಲ್ಲ, ಆದ್ದರಿಂದ ಚಿತ್ರದ ಹೆಸರೇ ಸುಳ್ಳು ಎಂಬುದು ಅವರ ವಾದವಾಗಿತ್ತು!

ಅಧಿಕಾರಿಗಳಿಗೆ ನಿಜವಾಗಿ ಬಿಸಿ ಮುಟ್ಟಿಸಿದ ಸಂಗತಿ ಬೇರೆಯೇ ಇತ್ತು. ನೆಲ್ಸನ್ ಪೆರೇರಾ ದೊಸ್ ಸಾಂತೊಸ್ ಎಂಬ ಯುವ ನಿರ್ದೇಶಕ ಗೆಳೆಯರ ಜತೆಗೂಡಿ ತೀರಾ ಕಡಿಮೆ ಹಣದಲ್ಲಿ ತಯಾರಿಸಿದ ಈ ಚಿತ್ರದಲ್ಲಿ, ಗುಡ್ಡದ ಮೇಲಿನ ಕೊಳೆಗೇರಿಯ ಐವರು ಹುಡುಗರು ಒಂದು ಭಾನುವಾರ ಕಡಲೆಕಾಯಿ ಮಾರಲು ಹೊರಡುತ್ತಾರೆ. ಅವರ ಹಿಂದೆಯೇ ಕ್ಯಾಮೆರಾ ಕೊಪಕಬಾನಾ ಕಡಲತೀರಕ್ಕೆ, ಮರಕಾನಾ ಫುಟ್‌ಬಾಲ್ ಕ್ರೀಡಾಂಗಣಕ್ಕೆ, ಪ್ರವಾಸಿಗರು ಮುಗಿಬೀಳುವ ಬೆಟ್ಟಗಳಿಗೆ ಹೋಗುತ್ತದೆ. ಪ್ರವಾಸಿಗರು ಕಾಣುವ ರಿಯೊ ಮತ್ತು ಅವರಿಗೆ ಕಡಲೆಕಾಯಿ ಮಾರುವವರ ರಿಯೊ ಒಂದೇ ಚೌಕಟ್ಟಿನೊಳಗೆ ಬಂದದ್ದು ದೇಶದ ಮಾನ ಕಳೆಯುವ ಕೆಲಸವಾಗಿ ಅಧಿಕಾರಿಗಳ ಕಣ್ಣಿಗೆ ಕಂಡಿತು. ಲೇಖಕರು, ಪತ್ರಕರ್ತರು ಪ್ರತಿಭಟಿಸಿದ ಬಳಿಕವೇ ಚಿತ್ರ ಜನರನ್ನು ತಲುಪಿದ್ದು.

ದೇಶದ ಬಡತನವನ್ನು ತೆರೆಯ ಮೇಲೆ ತೋರಿಸುವ ಹಕ್ಕು ಯಾರದು? ತೋರಿಸುವುದಾದರೆ ಹೇಗೆ ತೋರಿಸಬೇಕು? ಅದನ್ನು ನೋಡಬೇಕಾದವರು ಯಾರು? ಬ್ರೆಜಿಲ್‌ನ ಕಲಾತ್ಮಕ ಚಿತ್ರಗಳ ಸುತ್ತ ಏಳು ದಶಕಗಳಿಂದ ಎದ್ದ ವಿವಾದಗಳನ್ನು ಕೆದಕಿದರೆ ತಳದಲ್ಲಿ ಸಿಗುವುದು ಈ ಪ್ರಶ್ನೆಗಳೇ. ಉತ್ತರ ಹೇಳಹೊರಟ ನಿರ್ದೇಶಕರು ಸೆನ್ಸಾರ್ ಕತ್ತರಿಗೆ ಸಿಕ್ಕರು, ಕೆಲವರು ದೇಶ ಬಿಟ್ಟರು. ಕ್ಯಾಮೆರಾದ ಮುಂದೆ ನಿಂತ ಬಡವರ ಪಾಡಂತೂ ಚಿತ್ರ ಮುಗಿದರೂ ಮುಗಿಯಲಿಲ್ಲ.

ಎರಡು ಬ್ರೆಜಿಲ್

ಈ ಚಿತ್ರಗಳು ಅರ್ಥವಾಗಬೇಕಾದರೆ ಅವು ಹುಟ್ಟಿದ ಸಮಾಜವನ್ನು ಸ್ವಲ್ಪ ತಿಳಿಯಬೇಕು. ಪೋರ್ಚುಗೀಸರ ವಸಾಹತಾಗಿದ್ದ ಬ್ರೆಜಿಲ್, ಅಮೆರಿಕ ಖಂಡಗಳಲ್ಲಿ ಗುಲಾಮಗಿರಿಯನ್ನು ಎಲ್ಲರಿಗಿಂತ ಕೊನೆಗೆ, 1888ರಲ್ಲಿ, ರದ್ದು ಮಾಡಿದ ದೇಶ. ಬಿಡುಗಡೆಯಾದವರಿಗೆ ಸ್ವಾತಂತ್ರ್ಯ ಸಿಕ್ಕಿತೇ ಹೊರತು ಉಳಲು ಭೂಮಿ ಸಿಗಲಿಲ್ಲ. ಕಬ್ಬಿನ ತೋಟಗಳೂ ದನಗಳ ಹುಲ್ಲುಗಾವಲುಗಳೂ ಕೆಲವೇ ಕುಟುಂಬಗಳ ಕೈಯಲ್ಲಿ ಉಳಿದವು. ಅಕ್ಷರ ಬಾರದವರಿಗೆ ಮತದಾನದ ಹಕ್ಕು ದೊರೆತದ್ದು 1985ರಲ್ಲಿ ಎಂದರೆ, ಬಡವರ ಮಾತಿಗೆ ಅಲ್ಲಿ ಎಷ್ಟು ಬೆಲೆಯಿತ್ತೆಂಬುದನ್ನು ಊಹಿಸಬಹುದು.

ಬಡತನದ ಕಡು ರೂಪ ಕಾಣುವುದು ಈಶಾನ್ಯ ಭಾಗದ ಒಳನಾಡಿನಲ್ಲಿ. 'ಸೆರ್ತಾವ್' ಎಂದು ಕರೆಯುವ ಈ ಪ್ರದೇಶ ಮುಳ್ಳುಕಂಟಿ, ಕಳ್ಳಿಗಿಡಗಳ ಬೆಂಗಾಡು. 1877ರಲ್ಲಿ ಶುರುವಾದ ಬರಗಾಲವೊಂದೇ ಇಲ್ಲಿ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿತು. ಮಳೆ ಕೈಕೊಟ್ಟಾಗಲೆಲ್ಲ ಕುಟುಂಬಗಳು ಗಂಟುಮೂಟೆ ಕಟ್ಟಿ ದಕ್ಷಿಣದ ನಗರಗಳಿಗೆ ನಡೆದವು. 1960ರಲ್ಲಿ ಉದ್ಘಾಟನೆಯಾದ ಹೊಸ ರಾಜಧಾನಿ ಬ್ರೆಸಿಲಿಯಾವನ್ನು ಕಟ್ಟಿದ ಕೂಲಿಗಳಲ್ಲಿಯೂ ಹೆಚ್ಚಿನವರು ಹೀಗೆ ಊರು ಬಿಟ್ಟು ಬಂದವರೇ.

ಆಗ ಅಲ್ಲಿನ ಚಿತ್ರಮಂದಿರಗಳಲ್ಲಿ ಈ ಜನರ ಸುಳಿವೇ ಇರಲಿಲ್ಲ. ಹಾಲಿವುಡ್ ಚಿತ್ರಗಳ ಅಬ್ಬರದ ನಡುವೆ ಹಾಡು, ಕುಣಿತ, ಹಾಸ್ಯ ತುಂಬಿದ 'ಶಾಂಶಾದಾ' ಎಂಬ ಬಗೆಯ ದೇಸಿ ಚಿತ್ರಗಳು ಜನಪ್ರಿಯವಾಗಿದ್ದವು. ಸಾವೊ ಪೌಲೊದ ಶ್ರೀಮಂತರು 1949ರಲ್ಲಿ ಹಾಲಿವುಡ್ ಮಾದರಿಯಲ್ಲೇ 'ವೆರಾ ಕ್ರೂಜ್' ಸ್ಟುಡಿಯೊ ಕಟ್ಟಿ ಐದೇ ವರ್ಷಗಳಲ್ಲಿ ದಿವಾಳಿಯಾದರು. ಹಣವಿದ್ದ ಸ್ಟುಡಿಯೊವೇ ಮುಳುಗಿದ ಮೇಲೆ ಹಣವಿಲ್ಲದ ಯುವಕರು ಬೇರೆ ದಾರಿ ಹುಡುಕಿದರು. ಯುದ್ಧಾನಂತರ ಇಟಲಿಯ ನಿರ್ದೇಶಕರು ಬೀದಿಗಿಳಿದು, ವೃತ್ತಿನಟರಲ್ಲದವರನ್ನು ಹಾಕಿಕೊಂಡು ತೆಗೆದ ವಾಸ್ತವವಾದಿ ಚಿತ್ರಗಳು ಅವರಿಗೆ ಧೈರ್ಯ ಕೊಟ್ಟವು. ಕೈಯಲ್ಲೊಂದು ಕ್ಯಾಮೆರಾ, ತಲೆಯಲ್ಲೊಂದು ವಿಚಾರ ಇದ್ದರೆ ಸಾಕು ಎಂಬುದು ಅವರ ಘೋಷವಾಕ್ಯವಾಯಿತು. ಚಳವಳಿಯ ಹೆಸರು 'ಸಿನೆಮಾ ನೋವೊ', ಅಂದರೆ ಹೊಸ ಸಿನಿಮಾ.

ತಿಮಿಂಗಿಲವೆಂಬ ನಾಯಿ

ಹೊಸ ಸಿನಿಮಾದ ಮೊದಲ ಫಸಲು ಬಂದದ್ದು ಸೆರ್ತಾವ್‌ನಿಂದಲೇ. ಗ್ರಾಸಿಲಿಯಾನೊ ರಾಮೊಸ್‌ರ 1938ರ ಕಾದಂಬರಿಯನ್ನು ಆಧರಿಸಿ ನೆಲ್ಸನ್ ಪೆರೇರಾ 1963ರಲ್ಲಿ 'ವಿದಾಸ್ ಸೆಕಾಸ್' ತೆಗೆದರು. 'ಬತ್ತಿದ ಬದುಕುಗಳು' ಎಂಬುದು ಆ ಹೆಸರಿನ ಅರ್ಥ. ಎತ್ತಿನ ಗಾಡಿಯ ಚಕ್ರದ ಕಿರುಗುಟ್ಟುವ ಸದ್ದಿನೊಡನೆ ಚಿತ್ರ ಆರಂಭವಾಗುತ್ತದೆ. ದನಗಾಹಿ ಫಾಬಿಯಾನೊ, ಅವನ ಹೆಂಡತಿ, ಇಬ್ಬರು ಗಂಡುಮಕ್ಕಳು ಮತ್ತು ಒಂದು ನಾಯಿ ಬಿಸಿಲಿನಲ್ಲಿ ನಡೆದು ಬರುತ್ತಾರೆ. ಹಸಿವು ತಾಳಲಾರದೆ ಸಾಕಿದ ಗಿಳಿಯನ್ನೇ ಕೊಂದು ತಿನ್ನುತ್ತಾರೆ. ಕೆಲಸ ಸಿಕ್ಕರೆ ಧಣಿ ಲೆಕ್ಕದಲ್ಲಿ ಮೋಸ ಮಾಡುತ್ತಾನೆ, ಪೇಟೆಗೆ ಹೋದರೆ ಪೊಲೀಸಿನವನು ವಿನಾಕಾರಣ ಲಾಕಪ್ಪಿಗೆ ತಳ್ಳಿ ಹೊಡೆಸುತ್ತಾನೆ. ಹೆಂಡತಿಯ ಜೀವಮಾನದ ಆಸೆ ಒಂದೇ: ಚರ್ಮ ಹೊದಿಸಿದ ಒಂದು ಮಂಚ.

ಛಾಯಾಗ್ರಾಹಕ ಲೂಯಿಸ್ ಕಾರ್ಲೊಸ್ ಬರೆತೊ ಕ್ಯಾಮೆರಾಕ್ಕೆ ಫಿಲ್ಟರ್ ಹಾಕದೆ ಚಿತ್ರೀಕರಿಸಿದರು. ಆಕಾಶ ಬಿಳಿಚಿಕೊಂಡು, ಬಿಸಿಲು ನೋಡುವವರ ಕಣ್ಣನ್ನೇ ಕುಕ್ಕುತ್ತದೆ. ಬಡತನವನ್ನು ಸುಂದರವಾಗಿ ತೋರಿಸಬಾರದು ಎಂಬ ನಿಲುವು ಇಲ್ಲಿ ಮಾತಿನಲ್ಲಿಲ್ಲ, ಬೆಳಕಿನಲ್ಲಿದೆ.

ನೀರಿಲ್ಲದ ಆ ನಾಡಿನ ನಾಯಿಯ ಹೆಸರು ಬಲೇಯಾ. ಪೋರ್ಚುಗೀಸ್‌ನಲ್ಲಿ ತಿಮಿಂಗಿಲ ಎಂದರ್ಥ! ಕಾಯಿಲೆ ಬಿದ್ದ ನಾಯಿಗೆ ಫಾಬಿಯಾನೊ ಗುಂಡು ಹೊಡೆಯುತ್ತಾನೆ. 1964ರ ಕಾನ್ ಚಿತ್ರೋತ್ಸವದಲ್ಲಿ ಈ ದೃಶ್ಯ ನೋಡಿದ ಕೆಲವರು, ಚಿತ್ರಕ್ಕಾಗಿ ನಾಯಿಯನ್ನು ನಿಜವಾಗಿಯೇ ಕೊಂದಿದ್ದಾರೆಂದು ಗದ್ದಲ ಎಬ್ಬಿಸಿದರು. ಕೊನೆಗೆ ನಾಯಿಯನ್ನು ವಿಮಾನದಲ್ಲಿ ಫ್ರಾನ್ಸಿಗೆ ಕರೆಸಿ, ಅದು ಬದುಕಿದೆ ಎಂದು ತೋರಿಸಬೇಕಾಯಿತು. ತೆರೆಯ ಮೇಲೆ ಮಕ್ಕಳೂ ಹಸಿದಿದ್ದರು. ಆದರೆ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾದದ್ದು ನಾಯಿ.

ಮರುಕ ಬೇಡ ಎಂದವನು

ಅದೇ ವರ್ಷ ಕಾನ್‌ನ ಸ್ಪರ್ಧೆಯಲ್ಲಿ ಬ್ರೆಜಿಲ್‌ನ ಇನ್ನೊಂದು ಚಿತ್ರವೂ ಇತ್ತು. ಅದರ ನಿರ್ದೇಶಕ ಗ್ಲಾಬರ್ ರೋಶಾಗೆ ಆಗ ಇನ್ನೂ 25 ವರ್ಷ. ಈಶಾನ್ಯದ ಬಹಿಯಾ ಪ್ರಾಂತ್ಯದಲ್ಲಿ ಹುಟ್ಟಿದ ಈತ 'ಬಿಸಿಲ ನಾಡಿನಲ್ಲಿ ದೇವರು ಮತ್ತು ದೆವ್ವ' ಚಿತ್ರದಲ್ಲಿ ಇನ್ನೊಬ್ಬ ದನಗಾಹಿಯ ಕಥೆ ಹೇಳಿದರು. ಸತ್ತ ದನಗಳು ನಿನ್ನ ಪಾಲಿನವು, ಬದುಕಿರುವುವು ನನ್ನವು ಎನ್ನುವ ಧಣಿಯನ್ನು ಮನುವೆಲ್ ಕೊಲ್ಲುತ್ತಾನೆ. ಮೊದಲು ಮೋಕ್ಷದ ಆಸೆ ತೋರಿಸುವ ಸಂತನ ಹಿಂದೆ ಹೋಗುತ್ತಾನೆ, ಬಳಿಕ ಡಕಾಯಿತನ ಗುಂಪು ಸೇರುತ್ತಾನೆ. ಎರಡೂ ದಾರಿ ಅವನನ್ನು ಕೈಬಿಡುತ್ತವೆ. ಸಂತರೂ ಡಕಾಯಿತರೂ ಸೆರ್ತಾವ್‌ನ ಇತಿಹಾಸದಲ್ಲಿ ನಿಜವಾಗಿ ಇದ್ದವರು. ಕಾನುಡೋಸ್‌ನಲ್ಲಿ ನೆಲೆಸಿದ್ದ ಸಂತನೊಬ್ಬನ ಅನುಯಾಯಿಗಳನ್ನು 1897ರಲ್ಲಿ ಸರ್ಕಾರದ ಸೈನ್ಯ ನಿರ್ನಾಮ ಮಾಡಿತ್ತು. ಹೆಸರಾಂತ ಡಕಾಯಿತ ಲಂಪಿಯಾವ್ ಪೊಲೀಸರ ಗುಂಡಿಗೆ ಬಲಿಯಾದದ್ದು 1938ರಲ್ಲಿ.

1965ರಲ್ಲಿ ಇಟಲಿಯ ಜಿನೋವಾದಲ್ಲಿ ರೋಶಾ ಮಂಡಿಸಿದ 'ಹಸಿವಿನ ಸೌಂದರ್ಯಮೀಮಾಂಸೆ' ಎಂಬ ಪುಟ್ಟ ಪ್ರಬಂಧ ಇಡೀ ಚಳವಳಿಯ ಪ್ರಣಾಳಿಕೆಯಾಯಿತು. ಅದರ ತಿರುಳು ಹೀಗಿದೆ: ಲ್ಯಾಟಿನ್ ಅಮೆರಿಕದ ಹಸಿವು ಯುರೋಪಿನವರಿಗೆ ಒಂದು ವಿಚಿತ್ರ, ಮರುಕ ಹುಟ್ಟಿಸುವ ದೃಶ್ಯವಷ್ಟೆ. ಸ್ವದೇಶದ ಮಂದಿಗೆ ಅದು ಮುಚ್ಚಿಡಬೇಕಾದ ನಾಚಿಕೆ. ಹೊಸ ಸಿನಿಮಾಕ್ಕೆ ಹಸಿವೇ ತನ್ನ ಸಮಾಜದ ನರಮಂಡಲ. ಹಸಿದವನಿಗೆ ಮರುಕ ಬೇಡ. ಅವನ ಸಿಟ್ಟು ನೋಡುವವನಿಗೆ ಅರ್ಥವಾಗಬೇಕು. ಆದ್ದರಿಂದ ಚಿತ್ರ ನುಣುಪಾಗಿರಬಾರದು. ಕುಲುಕುವ ಕ್ಯಾಮೆರಾ, ಕರ್ಕಶ ಧ್ವನಿ, ತಾಳ ತಪ್ಪಿದ ಸಂಕಲನ, ಇವೆಲ್ಲ ಹಣವಿಲ್ಲದ್ದರ ಗುರುತೂ ಹೌದು, ಬೇಕೆಂದೇ ಆರಿಸಿಕೊಂಡ ಭಾಷೆಯೂ ಹೌದು.

ಇಲ್ಲೊಂದು ಕೊರತೆ ಇದ್ದೇ ಇತ್ತು. ವಿದೇಶಿ ಚಿತ್ರೋತ್ಸವಗಳು ಚಪ್ಪಾಳೆ ತಟ್ಟಿದ ಈ ಚಿತ್ರಗಳನ್ನು ಫಾಬಿಯಾನೊನಂಥವರು ನೋಡಲಿಲ್ಲ. ನಗರದ ಸಾಮಾನ್ಯ ಪ್ರೇಕ್ಷಕರೂ ಅಷ್ಟಾಗಿ ಸುಳಿಯಲಿಲ್ಲ. ಯಾರ ಪರವಾಗಿ ಮಾತಾಡುತ್ತಿದ್ದೇವೋ ಅವರನ್ನೇ ತಲುಪಲಾಗದ ಈ ಸಂಕಟ ನಿರ್ದೇಶಕರಿಗೂ ಗೊತ್ತಿತ್ತು.

ಸೇನೆ ಬಂತು

ಅಧ್ಯಕ್ಷ ಜುವಾವ್ ಗುಲಾರ್ಟ್ 1964ರ ಮಾರ್ಚ್‌ನಲ್ಲಿ ಭೂಸುಧಾರಣೆಯ ಹೆಜ್ಜೆ ಇಟ್ಟರು. ಅದೇ ತಿಂಗಳ ಕೊನೆಯ ದಿನ ಅಮೆರಿಕದ ಬೆಂಬಲದೊಡನೆ ಸೇನೆ ಕ್ಷಿಪ್ರಕ್ರಾಂತಿ ನಡೆಸಿ ಅವರನ್ನು ಕೆಳಗಿಳಿಸಿತು. ಕಾನ್‌ನಲ್ಲಿ ಬ್ರೆಜಿಲ್‌ನ ಚಿತ್ರಗಳನ್ನು ಜಗತ್ತು ಹೊಗಳುವ ಹೊತ್ತಿಗೆ ಆ ಚಿತ್ರಗಳು ಕನಸಿದ ಬ್ರೆಜಿಲ್ ಸೇನೆಯ ವಶವಾಗಿ ಒಂದು ತಿಂಗಳಾಗಿತ್ತು. ಸೇನಾಡಳಿತ 21 ವರ್ಷ ನಡೆಯಿತು.

ಸೋತ ಎಡಪಂಥೀಯ ಬುದ್ಧಿಜೀವಿಯ ತಳಮಳವೇ ರೋಶಾರ ಮುಂದಿನ ಚಿತ್ರ 'ತೆರಾ ಎಂ ಟ್ರಾನ್ಸೆ'ಗೆ (1967) ವಸ್ತು. ಮೈಮೇಲೆ ಆವೇಶ ಬಂದ ನಾಡು ಎಂದು ಅದರ ಹೆಸರನ್ನು ಕನ್ನಡಿಸಬಹುದು. ಎಲ್ಡೊರಾಡೊ ಎಂಬ ಕಲ್ಪಿತ ದೇಶದ ಕವಿಯೊಬ್ಬ ಜನರ ನಾಯಕನನ್ನು ನಂಬಿ ಸೋಲುತ್ತಾನೆ. ಒಂದು ದೃಶ್ಯದಲ್ಲಿ ಕಾರ್ಮಿಕ ಮುಖಂಡನ ಬಾಯಿಯನ್ನು ಕೈಯಿಂದ ಮುಚ್ಚಿ, ಇವನ ಕೈಗೆ ಅಧಿಕಾರ ಬಂದರೆ ಏನಾದೀತು ಎಂದು ಪ್ರೇಕ್ಷಕರನ್ನೇ ಕೇಳುತ್ತಾನೆ. ಸೆನ್ಸಾರ್ ಅಧಿಕಾರಿಗಳು ಚಿತ್ರ ದೇಶದ್ರೋಹಿ, ಚರ್ಚ್‌ಗೆ ಅವಮಾನ ಎಂದು ನಿಷೇಧಿಸಿದರು. ಹಲವು ಎಡಪಂಥೀಯರೂ, ಇದು ಜನರಿಗೆ ಮಾಡಿದ ಅವಮಾನ ಎಂದು ಮುನಿಸಿಕೊಂಡರು. ಬಾಯಿ ಮುಚ್ಚಿಸಿದ ಆ ಕೈ ಬುದ್ಧಿಜೀವಿಯದು, ಅಂದರೆ ತಮ್ಮದೇ ಎಂಬುದನ್ನು ಒಪ್ಪಿಕೊಳ್ಳುವುದು ಸುಲಭವಿರಲಿಲ್ಲ.

1968ರ ಡಿಸೆಂಬರ್ 13ರಂದು ಸೇನಾ ಸರ್ಕಾರ ಹೊರಡಿಸಿದ ಐದನೆಯ ಸಾಂಸ್ಥಿಕ ಕಾಯ್ದೆ ಸಂಸತ್ತಿಗೆ ಬೀಗ ಹಾಕಿತು, ರಾಜಕೀಯ ಆರೋಪಿಗಳಿಗೆ ಹೇಬಿಯಸ್ ಕಾರ್ಪಸ್ ಇಲ್ಲವೆಂದಿತು. ಬಂಧನ, ಚಿತ್ರಹಿಂಸೆ ದಿನನಿತ್ಯದ ಮಾತಾದವು. ನೇರವಾಗಿ ಹೇಳುವಂತಿಲ್ಲದಾಗ ನಿರ್ದೇಶಕರು ರೂಪಕಗಳ ಮೊರೆ ಹೋದರು. ಜುವಾಕಿಂ ಪೆದ್ರೊ ದೆ ಆಂದ್ರಾದೆ 1969ರ 'ಮಕುನೈಮಾ'ದಲ್ಲಿ ಮನುಷ್ಯರನ್ನು ಮನುಷ್ಯರೇ ತಿನ್ನುವ ದೇಶವನ್ನು ನಗಿಸುತ್ತಲೇ ತೋರಿಸಿದರು. ಅದೇ ವರ್ಷ ಕಾನ್‌ನಲ್ಲಿ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಹಂಚಿಕೊಂಡ ರೋಶಾ 1971ರಲ್ಲಿ ದೇಶ ಬಿಟ್ಟರು. 1976ರಲ್ಲಿ ಮರಳಿ ಬಂದು, 1981ರಲ್ಲಿ ಕೇವಲ 42ನೆಯ ವಯಸ್ಸಿನಲ್ಲಿ ನಿಧನರಾದರು.

ಕೊಡುವ ಕೈ, ಕತ್ತರಿಸುವ ಕೈ

ಸೇನಾ ಸರ್ಕಾರ ಸಿನಿಮಾವನ್ನು ದಮನಿಸಿತು ಎಂದಷ್ಟೇ ಹೇಳಿದರೆ ಅರ್ಧ ಕಥೆಯಾದೀತು. 1969ರಲ್ಲಿ ಅದೇ ಸರ್ಕಾರ 'ಎಂಬ್ರಾಫಿಲ್ಮೆ' ಎಂಬ ಸಿನಿಮಾ ಸಂಸ್ಥೆಯನ್ನು ಸ್ಥಾಪಿಸಿತು. ಎಪ್ಪತ್ತರ ದಶಕದ ನಡುವಿನಿಂದ ನಿರ್ಮಾಣಕ್ಕೆ ಹಣ, ಹಂಚಿಕೆಗೆ ಜಾಲ ಎರಡೂ ಈ ಸಂಸ್ಥೆಯಿಂದ ದೊರೆಯತೊಡಗಿದವು. ಸಿನೆಮಾ ನೋವೊದ ನಿರ್ದೇಶಕರಲ್ಲಿ ಹಲವರು ಅದರ ನೆರವು ಪಡೆದರು. ಒಂದು ಇಲಾಖೆ ಹಣ ಕೊಡುವುದು, ಇನ್ನೊಂದು ಇಲಾಖೆ ಅದೇ ಚಿತ್ರವನ್ನು ಕತ್ತರಿಸುವುದು, ಇದು ಆ ಕಾಲದ ವಿಚಿತ್ರ. ರಾಜಕೀಯ ಚಿತ್ರಗಳು ಡಬ್ಬಿಯಲ್ಲಿ ಕೊಳೆಯುತ್ತಿದ್ದಾಗ ಚಿತ್ರಮಂದಿರಗಳಲ್ಲಿ ಅಗ್ಗದ ಶೃಂಗಾರ ಹಾಸ್ಯದ ಚಿತ್ರಗಳು ಭರ್ಜರಿಯಾಗಿ ಓಡಿದ್ದು ಇನ್ನೊಂದು ವಿಪರ್ಯಾಸ. ಅಮೆಜಾನ್ ಕಾಡನ್ನು ಸೀಳಿ ಹಾಕಿದ ಹೆದ್ದಾರಿಯ ನಿಜರೂಪ ತೋರಿಸಿದ 'ಇರಸೆಮಾ'ದಂತಹ ಚಿತ್ರಕ್ಕೆ ಸ್ವದೇಶದಲ್ಲಿ ವರ್ಷಗಟ್ಟಲೆ ಪ್ರದರ್ಶನದ ಭಾಗ್ಯ ಸಿಗಲಿಲ್ಲ.

ಈ ವಿಚಿತ್ರ ಪರಾಕಾಷ್ಠೆಗೆ ಮುಟ್ಟಿದ್ದು 1982ರಲ್ಲಿ. ರೊಬೆರ್ತೊ ಫಾರಿಯಾಸ್ ಅವರ 'ಪ್ರಾ ಫ್ರೆಂಚೆ ಬ್ರೆಜಿಲ್' ('ಮುನ್ನಡೆ ಬ್ರೆಜಿಲ್') ಚಿತ್ರದ ಕಥೆ ನಡೆಯುವುದು 1970ರ ಫುಟ್‌ಬಾಲ್ ವಿಶ್ವಕಪ್ ದಿನಗಳಲ್ಲಿ. ದೇಶವೆಲ್ಲ ರೇಡಿಯೊ, ಟಿವಿ ಮುಂದೆ ಕೂತು ಕುಣಿಯುತ್ತಿರುವಾಗ, ಕ್ರಾಂತಿಕಾರಿ ಎಂದು ತಪ್ಪಾಗಿ ಹಿಡಿದ ಸಾಮಾನ್ಯ ನೌಕರನೊಬ್ಬನನ್ನು ಚಿತ್ರಹಿಂಸೆ ಕೊಟ್ಟು ಕೊಲ್ಲಲಾಗುತ್ತದೆ. ಸರ್ಕಾರದ ಹಣದಲ್ಲೇ ತಯಾರಾದ ಈ ಚಿತ್ರದಿಂದ ಸೇನಾಧಿಕಾರಿಗಳು ಕೆರಳಿದರು. ಚಿತ್ರ ನಿಷೇಧಕ್ಕೊಳಗಾಯಿತು. ಎಂಬ್ರಾಫಿಲ್ಮೆಯ ಮುಖ್ಯಸ್ಥ ಸೆಲ್ಸೊ ಅಮೊರಿಂ ಹುದ್ದೆ ಬಿಡಬೇಕಾಯಿತು. ಮುಂದೆ ಇವರೇ ದೇಶದ ವಿದೇಶಾಂಗ ಸಚಿವರಾದರು. ಚಿತ್ರ 1983ರಲ್ಲಿ ತೆರೆ ಕಂಡಿತು.

ಇಪ್ಪತ್ತು ವರ್ಷ ಹಿಡಿದ ಚಿತ್ರ

ಇಷ್ಟೆಲ್ಲ ಚಿತ್ರಗಳ ನಡುವೆ ಎದುವಾರ್ದೊ ಕೌತಿನ್ಯೊ ಅವರ 'ಸಾವಿಗೆ ಗುರುತಾದವ' ಚಿತ್ರದ ಕಥೆಯೇ ಬೇರೆ. ಪರೈಬಾ ಪ್ರಾಂತ್ಯದ ಸಾಪೆಯಲ್ಲಿ ರೈತ ಸಂಘ ಕಟ್ಟಿದ್ದ ಜುವಾವ್ ಪೆದ್ರೊ ತೆಯಿಶೇರಾ 1962ರ ಏಪ್ರಿಲ್‌ನಲ್ಲಿ ಕೊಲೆಯಾದರು. ಅವರ ಬದುಕನ್ನು ರೈತರಿಂದಲೇ ಅಭಿನಯಿಸಿ ಚಿತ್ರ ಮಾಡಲು ಕೌತಿನ್ಯೊ ಹೊರಟರು. ಹನ್ನೊಂದು ಮಕ್ಕಳ ತಾಯಿ, ಜುವಾವ್‌ರ ವಿಧವೆ ಎಲಿಜಬೆತ್ ತಮ್ಮ ಪಾತ್ರವನ್ನು ತಾವೇ ಮಾಡಿದರು. ನೆರೆಯ ಪೆರ್ನಂಬುಕೊದ ಗಲಿಲೇಯಾ ಎಂಬಲ್ಲಿ 1964ರ ಆರಂಭದಲ್ಲಿ ಚಿತ್ರೀಕರಣ ಶುರುವಾಯಿತು.

ಏಪ್ರಿಲ್ 1ರಂದು ಸೈನಿಕರು ಅಲ್ಲಿಗೆ ನುಗ್ಗಿ ಉಪಕರಣಗಳನ್ನು ಮುಟ್ಟುಗೋಲು ಹಾಕಿಕೊಂಡರು, ರೈತ ಮುಖಂಡರನ್ನು ಹಿಡಿದರು. ಅದು ಕ್ಯೂಬಾ ನಡೆಸುತ್ತಿದ್ದ ಗೆರಿಲ್ಲಾ ತರಬೇತಿ ಶಿಬಿರವೆಂದು ಪತ್ರಿಕೆಗಳಲ್ಲಿ ಸುದ್ದಿ ಬಂತು. ಚಿತ್ರೀಕರಿಸಿದ್ದ ಭಾಗದಲ್ಲಿ ಬಹುಪಾಲು ಅದಾಗಲೇ ರಿಯೊದ ಪ್ರಯೋಗಾಲಯಕ್ಕೆ ಹೋಗಿದ್ದರಿಂದ ಉಳಿಯಿತು. ಸೆರೆಮನೆ ಕಂಡು ಬಂದ ಎಲಿಜಬೆತ್ ಒಬ್ಬ ಮಗನನ್ನಷ್ಟೇ ಕರೆದುಕೊಂಡು ಕಣ್ಮರೆಯಾದರು. ಸಾವೊ ರಫಾಯೆಲ್ ಎಂಬ ಸಣ್ಣ ಊರಿನಲ್ಲಿ ಮಾರ್ತಾ ಎಂಬ ಸುಳ್ಳು ಹೆಸರಿನಲ್ಲಿ ಬಟ್ಟೆ ಒಗೆದು, ಮಕ್ಕಳಿಗೆ ಅಕ್ಷರ ಕಲಿಸಿ ಬದುಕಿದರು. ಉಳಿದ ಮಕ್ಕಳು ಬಂಧುಗಳ ಮನೆಗಳಲ್ಲಿ ಚೆದುರಿಹೋದರು.

1979ರ ಕ್ಷಮಾದಾನ ಕಾನೂನಿನ ಬಳಿಕ, 1981ರಲ್ಲಿ, ಕೌತಿನ್ಯೊ ಹಳೆಯ ರೀಲುಗಳೊಡನೆ ಗಲಿಲೇಯಾಕ್ಕೆ ಮರಳಿದರು. ಬಿಳಿ ಬಟ್ಟೆ ಕಟ್ಟಿ ರೈತರಿಗೆ ಅವರದೇ 17 ವರ್ಷ ಹಿಂದಿನ ಮುಖಗಳನ್ನು ತೋರಿಸಿದರು. ಎಲಿಜಬೆತ್‌ರನ್ನು ಪತ್ತೆ ಹಚ್ಚಿದರು. ಅವರು ಕ್ಯಾಮೆರಾದೆದುರು ತಮ್ಮ ನಿಜ ಹೆಸರನ್ನು ಮತ್ತೆ ಪಡೆದರು. ಬೇರೆ ಬೇರೆ ಊರುಗಳಲ್ಲಿದ್ದ ಮಕ್ಕಳನ್ನು ಹುಡುಕುತ್ತ ನಿರ್ದೇಶಕರು ಅಲೆದರು. 1984ರಲ್ಲಿ ಮುಗಿದ ಈ ಚಿತ್ರದಲ್ಲಿ ಬಡವರು ಯಾರದೋ ವಿಚಾರಕ್ಕೆ ಉದಾಹರಣೆಗಳಾಗಿ ಉಳಿದಿಲ್ಲ, ತಮ್ಮ ಕಥೆಯನ್ನು ತಾವೇ ಹೇಳುತ್ತಾರೆ. 'ರಿಯೊ, 40 ಡಿಗ್ರಿ' ಎತ್ತಿದ ಪ್ರಶ್ನೆಗೆ ಇದಕ್ಕಿಂತ ಪ್ರಾಮಾಣಿಕ ಉತ್ತರ ಸಿಗುವುದು ಕಷ್ಟ.

ಸಿಂಗಾರಗೊಂಡ ಹಸಿವು

ಎಲ್ಲ ಚಿತ್ರಗಳೂ ತಾವು ತೋರಿಸಿದವರ ಬಳಿಗೆ ಹೀಗೆ ಮರಳಲಿಲ್ಲ. ಹೆಕ್ಟರ್ ಬಬೆಂಕೊ ನಿರ್ದೇಶಿಸಿದ 'ಪಿಶೋಚೆ' ಬೀದಿಮಕ್ಕಳ ಕ್ರೂರ ಬದುಕನ್ನು ತೋರಿಸಿ ಜಗತ್ತಿನ ಗಮನ ಸೆಳೆಯಿತು. ಮುಖ್ಯ ಪಾತ್ರ ವಹಿಸಿದವನು ಸಾವೊ ಪೌಲೊ ಹೊರವಲಯದ ಬಡ ಬಾಲಕ ಫೆರ್ನಾಂದೊ ರಾಮೊಸ್ ದ ಸಿಲ್ವಾ. ಚಿತ್ರ ಜಗತ್ತು ಸುತ್ತಿತು, ಹುಡುಗ ಮತ್ತೆ ಬಡತನಕ್ಕೇ ಮರಳಿದ. 1987ರಲ್ಲಿ, 19ನೆಯ ವಯಸ್ಸಿನಲ್ಲಿ, ಪೊಲೀಸರ ಗುಂಡಿಗೆ ಬಲಿಯಾದ.

1990ರಲ್ಲಿ ಅಧ್ಯಕ್ಷ ಕೊಲೊರ್ ಎಂಬ್ರಾಫಿಲ್ಮೆಯನ್ನು ಮುಚ್ಚಿದಾಗ ಚಿತ್ರ ನಿರ್ಮಾಣ ಬಹುತೇಕ ನಿಂತೇಹೋಯಿತು. ಚೇತರಿಕೆ ಕಂಡದ್ದು ಆ ದಶಕದ ನಡುವಿನಿಂದ. ವಾಲ್ಟರ್ ಸಾಲೆಸ್ ಅವರ 'ಸೆಂಟ್ರಲ್ ಸ್ಟೇಷನ್' 1998ರಲ್ಲಿ ಬರ್ಲಿನ್‌ನ ಸ್ವರ್ಣ ಕರಡಿ ಗೆದ್ದಿತು. 2002ರಲ್ಲಿ ಬಂದ 'ಸಿಟಿ ಆಫ್ ಗಾಡ್' ಕೊಳೆಗೇರಿಯ ಬಂದೂಕುಧಾರಿ ಹುಡುಗರ ಕಥೆಯನ್ನು ಮಿಂಚಿನ ವೇಗದಲ್ಲಿ ಹೇಳಿ ದೇಶದೊಳಗೂ ಹೊರಗೂ ಜನರನ್ನು ಸೆಳೆಯಿತು. ವಿಮರ್ಶಕಿ ಇವಾನಾ ಬೆಂಟೆಸ್ 2001ರಲ್ಲೇ ಹೊಸ ಚಿತ್ರಗಳನ್ನು ಕುರಿತು ಒಂದು ಚುಚ್ಚುಮಾತು ಆಡಿದ್ದರು: ಹಸಿವಿನ ಸೌಂದರ್ಯಮೀಮಾಂಸೆ ಹೋಗಿ ಹಸಿವಿನ ಸಿಂಗಾರ ಬಂದಿದೆ ಎಂದು. 'ಸಿಟಿ ಆಫ್ ಗಾಡ್' ಬಂದಾಗ ಈ ಮಾತು ಎಲ್ಲರ ಬಾಯಲ್ಲಿ ನಲಿದಾಡಿತು. ಕೊಳೆಗೇರಿಯ ಯುವಕರೇ ನಟಿಸಿದ, ಸಾಮಾನ್ಯ ಜನ ಮುಗಿಬಿದ್ದು ನೋಡಿದ ಚಿತ್ರವನ್ನು ಹಾಗೆ ತಳ್ಳಿಹಾಕುವುದು ಸರಿಯೇ ಎಂಬ ಮರುಪ್ರಶ್ನೆಯೂ ಎದ್ದಿತು. ವಾದ ಇನ್ನೂ ಮುಗಿದಿಲ್ಲ.

ಸಾಲೆಸ್ ಅವರ 2024ರ ಚಿತ್ರ 'ನಾನಿನ್ನೂ ಇಲ್ಲೇ ಇದ್ದೇನೆ' ಮತ್ತೆ ಸೇನಾಡಳಿತದ ದಿನಗಳಿಗೆ ಹೋಗುತ್ತದೆ. 1971ರ ಜನವರಿಯಲ್ಲಿ ಮನೆಯಿಂದ ಕರೆದೊಯ್ದ ಮಾಜಿ ಸಂಸದ ರುಬೆನ್ಸ್ ಪೈವಾ ಮರಳಿ ಬರಲೇ ಇಲ್ಲ. ಅವರ ಪತ್ನಿ ಯುನಿಸೆಗೆ ಮರಣಪತ್ರ ಸಿಗಲು 25 ವರ್ಷ ಬೇಕಾಯಿತು. ಬಲಪಂಥೀಯರ ಬಹಿಷ್ಕಾರದ ಕರೆಯನ್ನು ಲೆಕ್ಕಿಸದೆ ಬ್ರೆಜಿಲ್‌ನಲ್ಲಿ 50 ಲಕ್ಷಕ್ಕೂ ಹೆಚ್ಚು ಜನ ಚಿತ್ರ ನೋಡಿದರು. 2025ರ ಮಾರ್ಚ್‌ನಲ್ಲಿ ಅದು ಅತ್ಯುತ್ತಮ ಅಂತರರಾಷ್ಟ್ರೀಯ ಚಿತ್ರವೆಂದು ಆಸ್ಕರ್ ಪಡೆಯಿತು. ಅದೇ ವರ್ಷದ ಜನವರಿಯಲ್ಲಿ ಪೈವಾ ಅವರ ಮರಣಪತ್ರವನ್ನು ತಿದ್ದಿ, ಈ ಸಾವಿಗೆ ಪ್ರಭುತ್ವದ ಹಿಂಸೆಯೇ ಕಾರಣವೆಂದು ಬರೆಯಲಾಯಿತು.

ಪೈವಾ ನಗರದ ಸುಶಿಕ್ಷಿತ ಕುಟುಂಬದವರು. ಅವರ ಮನೆಯ ಫೋಟೊಗಳಿದ್ದವು, ಮಗ ಬರೆದ ಪುಸ್ತಕವಿತ್ತು. ರಾಷ್ಟ್ರೀಯ ಸತ್ಯ ಆಯೋಗ 2014ರಲ್ಲಿ ಕೊಟ್ಟ ವರದಿಯಲ್ಲಿ ಸತ್ತವರು ಮತ್ತು ಕಾಣೆಯಾದವರ ಪಟ್ಟಿಯಲ್ಲಿ 434 ಹೆಸರುಗಳಿವೆ. ಅದೇ ವರದಿ, ತಾನು ಪರಿಶೀಲಿಸಿದ ಅವಧಿಯಲ್ಲಿ ಕನಿಷ್ಠ 8,350 ಮಂದಿ ಮೂಲನಿವಾಸಿಗಳು ಸತ್ತರೆಂದು ಅಂದಾಜು ಮಾಡಿದೆ. ಅವರಾರ ಹೆಸರೂ ಆ 434ರ ಪಟ್ಟಿಯಲ್ಲಿ ಇಲ್ಲ.